ಹಾಲು ಹಲ್ಲಿಗೆ ಇಷ್ಟೆಲ್ಲ ಬೇಕೇ?

“ಹೇಗಿದ್ದರೂ ಬಿದ್ದುಹೋಗುವ ಹಲ್ಲು, ಅದಕ್ಕೆ ಇಷ್ಟೆಲ್ಲ ಬೇಕೇ?” ಹುಬ್ಬಳ್ಳಿಯಲ್ಲಿ ಅರಿವಳಿಕೆ ವೈದ್ಯೆಯಾಗಿರುವ ನನ್ನನ್ನು ಮಕ್ಕಳ ತಂದೆಯರು ಕೇಳುವ ಪ್ರಶ್ನೆ ಇದು. ತಾಯಂದಿರ ಪ್ರಶ್ನೆ ಬೇರೆ: “ಎಚ್ಚರ ಆಗುತ್ತಾನಲ್ಲ ಮೇಡಂ?” ಅಜ್ಜಿಯರು ಏನನ್ನೂ ಕೇಳುವುದಿಲ್ಲ, ಮಗುವಿನ ಸೊಂಟಕ್ಕೆ ಕಟ್ಟಿದ ದಾರವನ್ನು ಬಿಚ್ಚಕೂಡದು ಎಂದು ಅಪ್ಪಣೆ ಕೊಡುತ್ತಾರೆ. (ದಾರ ಇರಲಿ, ಕೈಯ ಬೆಳ್ಳಿ ಕಡಗ ಬಿಚ್ಚಿ ಎಂಬಲ್ಲಿಗೆ ನಮ್ಮ ರಾಜಿ ಆಗುತ್ತದೆ.) ಈಚೆಗೆ ಇನ್ನೊಂದು ಬಗೆಯವರು ಬರತೊಡಗಿದ್ದಾರೆ. ಮೊಬೈಲಿನಲ್ಲಿ ರಾತ್ರಿಯಿಡೀ ಓದಿಕೊಂಡು, ನಿದ್ದೆಗೆಟ್ಟ ಕಣ್ಣಿನಲ್ಲಿ ಎದುರು ಕೂರುವ ಗಂಡ ಹೆಂಡತಿ. “ಯಾವ ಗ್ಯಾಸ್ ಕೊಡುತ್ತೀರಿ? ಎಲ್ಲಕ್ಕಿಂತ ಸುರಕ್ಷಿತ ಯಾವುದು?”

ಈ ಕೊನೆಯ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಸೆವೊಫ್ಲುರೇನ್ ಎಂದು ಒಂದು ಮಾತಿನಲ್ಲಿ ಹೇಳಿ, ಸಹಿ ಹಾಕಿಸಿಕೊಂಡು ಮುಂದಿನ ರೋಗಿಯನ್ನು ಕರೆಯಬಹುದು. ಹೊರರೋಗಿಗಳ ಸಾಲು ಉದ್ದವಿದ್ದ ದಿನ ಹಾಗೆಯೇ ಆಗುತ್ತದೆ. ಆದರೆ ಒಳ್ಳೆಯ ಗ್ಯಾಸ್ ಯಾವುದು ಎಂಬುದು ಯಾರ ಕಣ್ಣಿನಿಂದ ನೋಡುತ್ತೇವೆ ಎಂಬುದರ ಮೇಲೆ ಬದಲಾಗುತ್ತದೆ. ದಂತವೈದ್ಯರಿಗೆ ನಡುವಿನ ಒಂದೂವರೆ ಗಂಟೆ ಮುಖ್ಯ. ಬಾಯಿ ತೆರೆದೇ ಇರಬೇಕು, ನಾಲಗೆ ಅಡ್ಡ ಬರಬಾರದು. ತಂದೆ ತಾಯಿಗೆ ಕೊನೆ ಮುಖ್ಯ. ಮಗು ಕಣ್ಣು ಬಿಟ್ಟು ಅಮ್ಮಾ ಅನ್ನಬೇಕು. ಮಗುವಿಗೆ ಮಾತ್ರ ಮೊದಲಿನ ಎರಡು ನಿಮಿಷವೇ ಸರ್ವಸ್ವ. ಗೊತ್ತಿಲ್ಲದ ಕೋಣೆ, ಮುಖ ಮುಚ್ಚಿಕೊಂಡ ಜನ, ಮೂಗಿನ ಮೇಲೆ ಇಳಿಯುವ ಮಾಸ್ಕ್. ಅದರಾಚೆಗಿನದು ಅದರ ನೆನಪಿನಲ್ಲಿ ಉಳಿಯುವುದೇ ಇಲ್ಲ. ಆ ಎರಡು ನಿಮಿಷದ ಪರವಾಗಿ ವಕಾಲತ್ತು ವಹಿಸುವವರು ಥಿಯೇಟರಿನಲ್ಲಿ ಬೇರೆ ಯಾರೂ ಇರುವುದಿಲ್ಲ. ಆ ಕೆಲಸ ನನ್ನದೆಂದು ನಾನು ಹಚ್ಚಿಕೊಂಡಿದ್ದೇನೆ.

ಮೊದಲು ತಂದೆಯರ ಪ್ರಶ್ನೆಗೆ. ಹಾಲಿನ ದವಡೆ ಹಲ್ಲುಗಳು ಬೀಳುವುದು ಹತ್ತರಿಂದ ಹನ್ನೆರಡನೆಯ ವಯಸ್ಸಿನಲ್ಲಿ. ನಾಲ್ಕು ವರ್ಷದ ಮಗುವಿಗೆ ಅವು ಇನ್ನೂ ಆರೇಳು ವರ್ಷ ರೊಟ್ಟಿ ಅಗಿಯಬೇಕು, ಕೆಳಗೆ ಬರಲಿರುವ ಹಲ್ಲಿಗೆ ಜಾಗ ಕಾಯಬೇಕು. ಹುಳುಕು ಬೇರಿನವರೆಗೆ ಇಳಿದು ಕೀವಾದರೆ ಕೆನ್ನೆ ಊದುತ್ತದೆ, ಜ್ವರ ಬರುತ್ತದೆ, ರಾತ್ರಿಯೆಲ್ಲ ಅಳು. ರಾತ್ರಿ ಬಾಯಲ್ಲಿ ಹಾಲಿನ ಬಾಟಲಿ ಇಟ್ಟುಕೊಂಡು ಮಲಗುವ, ಹಗಲೆಲ್ಲ ಬಿಸ್ಕತ್ತು ಮೆಲ್ಲುವ ಮಕ್ಕಳಲ್ಲಿ ಮುಂದಿನ ನಾಲ್ಕು ಹಲ್ಲು ಮೊದಲು ಹೋಗುತ್ತವೆ. (ಗದಗಿನ ಮುಂಡರಗಿ ಕಡೆಯಿಂದ ಬಂದವರು ಇದಕ್ಕೂ ನೀರನ್ನೇ ದೂರುತ್ತಾರೆ. ಅಲ್ಲಿಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಜ, ಅದರಿಂದ ಹಲ್ಲಿನ ಮೇಲೆ ಕಂದು ಕಲೆ ಬೀಳುವುದೂ ನಿಜ. ಹುಳುಕು ಬೇರೆ ಕಾಯಿಲೆ, ಅದು ಸಕ್ಕರೆಯ ಕೆಲಸ.) ಇಂಥ ಮಕ್ಕಳಲ್ಲಿ ಬಹುಪಾಲು ಜನಕ್ಕೆ ನನ್ನ ಅಗತ್ಯವೇ ಬೀಳುವುದಿಲ್ಲ. ಮಕ್ಕಳ ದಂತವೈದ್ಯರು ಮಾತಿನಲ್ಲೇ ಒಲಿಸಿ, ವಸಡಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೆಲಸ ಮುಗಿಸುತ್ತಾರೆ. ಮಾತು ಇನ್ನೂ ತಿಳಿಯದ ಎರಡು ಮೂರು ವರ್ಷದವರು, ಎಂಟು ಹತ್ತು ಹಲ್ಲು ಒಟ್ಟಿಗೆ ಕೆಟ್ಟವರು, ಆಟಿಸಂ ಇರುವವರು, ಕುರ್ಚಿ ಕಂಡರೆ ಕಿರುಚುವವರು ನನ್ನ ಪಾಲಿಗೆ ಬರುತ್ತಾರೆ.

ಹಿಂದೆ ಇಂಥವರಿಗೂ ಅರಿವಳಿಕೆ ಇರಲಿಲ್ಲ. ತಂದೆ ಕೈ ಹಿಡಿಯುತ್ತಿದ್ದ, ಕಂಪೌಂಡರ್ ಕಾಲು ಹಿಡಿಯುತ್ತಿದ್ದ, ಡಾಕ್ಟರರು ಹಲ್ಲು ಹಿಡಿಯುತ್ತಿದ್ದರು. ದುರ್ಗದಬೈಲಿನಲ್ಲಿ ಅಂಗಡಿ ಇಟ್ಟುಕೊಂಡ ಒಬ್ಬ ಹಿರಿಯರು ಹರ್ನಿಯಾ ಆಪರೇಷನ್ನಿಗೆ ನಗುನಗುತ್ತ ಬಂದರು, ಬೆನ್ನಿಗೆ ಸೂಜಿ ಚುಚ್ಚುವಾಗ ಶೇಂಗಾ ದರದ ಬಗ್ಗೆ ಮಾತನಾಡಿದರು. ಅಲ್ಲಾಡುತ್ತಿರುವ ಹಲ್ಲೊಂದನ್ನು ತೋರಿಸಿಕೊಳ್ಳಿ ಎಂದದ್ದಕ್ಕೆ ಮುಖ ಬಿಳಿಚಿತು. ಆರನೆಯ ವಯಸ್ಸಿನಲ್ಲಿ ಯಾರು ಯಾವ ಕಾಲು ಹಿಡಿದಿದ್ದರು ಎಂಬುದು ಅವರಿಗೆ ಇನ್ನೂ ಗೊತ್ತು.

ನಗೆ ಅನಿಲದ ದೌರ್ಬಲ್ಯ

ಹಾಗಾಗಿ ಮೊದಲ ಆಯ್ಕೆ, ಮಗುವನ್ನು ಪೂರ್ತಿ ಮಲಗಿಸದೆ ಸಾಧ್ಯವೇ ಎಂದು ನೋಡುವುದು. ಅದಕ್ಕೆ ನೈಟ್ರಸ್ ಆಕ್ಸೈಡ್ ಇದೆ, ನೀಲಿ ಸಿಲಿಂಡರಿನದು, ಜನ ನಗೆ ಅನಿಲ ಎನ್ನುವುದು. ಹಲ್ಲಿಗೂ ಈ ಅನಿಲಕ್ಕೂ ಹಳೆಯ ನಂಟು. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನ ದಂತವೈದ್ಯ ಹೊರೇಸ್ ವೆಲ್ಸ್ ಈ ಗ್ಯಾಸಿನ ತಮಾಷೆ ಪ್ರದರ್ಶನವೊಂದಕ್ಕೆ ಹೋದ. ಗ್ಯಾಸ್ ಸೇದಿ ಕುಣಿದಾಡಿದ ಒಬ್ಬ ಕಾಲಿಗೆ ಗಾಯ ಮಾಡಿಕೊಂಡಿದ್ದ, ಅದು ಅವನಿಗೆ ತಿಳಿದೇ ಇರಲಿಲ್ಲ. ವೆಲ್ಸ್ ಮರುದಿನವೇ ಅದೇ ಗ್ಯಾಸ್ ಸೇದಿ ತನ್ನದೇ ಒಂದು ಹಲ್ಲು ಕೀಳಿಸಿಕೊಂಡ. ಮುಂದಿನ ವರ್ಷ ಬೋಸ್ಟನ್ನಿನಲ್ಲಿ ವೈದ್ಯರ ಎದುರು ಮಾಡಿ ತೋರಿಸಲು ಹೋದಾಗ ರೋಗಿ ಕೂಗಿಕೊಂಡ, ನೆರೆದವರು ಗೇಲಿ ಮಾಡಿ ಕಳುಹಿಸಿದರು. 1846ರ ಅಕ್ಟೋಬರ್ 16ರಂದು ಅದೇ ಊರಿನಲ್ಲಿ ಈಥರ್ ಕೊಟ್ಟು ಗೆದ್ದ ಮಾರ್ಟನ್ ಸಹ ದಂತವೈದ್ಯನೇ, ವೆಲ್ಸ್‌ನ ಒಂದು ಕಾಲದ ಪಾಲುದಾರ. ನಮ್ಮ ವಿಭಾಗದವರು ದಂತವೈದ್ಯರನ್ನು ಕಂಡು ಮೂಗು ಮುರಿಯುವಾಗ ಈ ಚರಿತ್ರೆಯನ್ನು ಮರೆತಿರುತ್ತಾರೆ.

ವೆಲ್ಸ್ ಸೋತದ್ದರಲ್ಲಿ ಗ್ಯಾಸಿನ ಸ್ವಭಾವದ ಪಾಲೂ ಇತ್ತು. ಚರ್ಮ ಕೊಯ್ದಾಗ ನೂರರಲ್ಲಿ ಐವತ್ತು ಜನ ಮಿಸುಕದೇ ಇರಬೇಕಾದರೆ ಶ್ವಾಸದಲ್ಲಿ ಔಷಧ ಎಷ್ಟಿರಬೇಕು ಎಂಬುದು ನಮ್ಮ ಅಳತೆಗೋಲು. ವಯಸ್ಕರಲ್ಲಿ, ಹಿಂದೆ ಬಳಸುತ್ತಿದ್ದ ಹ್ಯಾಲೋಥೇನ್ ಎಂಬ ಔಷಧಕ್ಕೆ ಅದು ಶೇಕಡ 0.75, ಸೆವೊಫ್ಲುರೇನಿಗೆ ಸುಮಾರು 2, ಚಿಕ್ಕ ಮಕ್ಕಳಲ್ಲಿ ಎರಡೂವರೆ. ನೈಟ್ರಸ್ ಆಕ್ಸೈಡಿಗೆ 104. ಉಸಿರಾಡುವ ಗಾಳಿಯಲ್ಲಿ ಇರುವುದೇ ನೂರು, ಅದರಲ್ಲಿ ಆಕ್ಸಿಜನ್ನಿಗೂ ಜಾಗ ಬಿಡಬೇಕು. ಅಂದರೆ ಇದೊಂದರಿಂದಲೇ ಮನುಷ್ಯನನ್ನು ಆಪರೇಷನ್ನಿಗೆ ತಕ್ಕಷ್ಟು ಆಳಕ್ಕೆ ಇಳಿಸಲಾಗದು. ಆ ಕೊರತೆಯೇ ಮಕ್ಕಳ ಹಲ್ಲಿನ ವಿಷಯದಲ್ಲಿ ನನಗೆ ಹಿಡಿಸುವ ಗುಣ. ಶೇಕಡ 30ರಿಂದ 50ರಷ್ಟು ಸೇದಿದ ಮಗು ತಾನೇ ಉಸಿರಾಡುತ್ತದೆ, ಎಂಜಲು ನುಂಗುತ್ತದೆ, ಕರೆದರೆ ಓಗೊಡುತ್ತದೆ. ಭಯ ಮಾತ್ರ ಎಲ್ಲೋ ದೂರ ಹೋಗಿ ಕೂರುತ್ತದೆ. ಕ್ಲಿನಿಕ್ಕಿನ ಯಂತ್ರಗಳಲ್ಲಿ ಆಕ್ಸಿಜನ್ ಶೇಕಡ 30ಕ್ಕಿಂತ ಕೆಳಗೆ ಇಳಿಯದಂತೆ ಕೀಲು ಇರುತ್ತದೆ. ಆಕ್ಸಿಜನ್ ಖಾಲಿಯಾದರೆ ನೈಟ್ರಸ್ ತಾನಾಗಿ ನಿಲ್ಲುತ್ತದೆ. ಮುಗಿದ ಮೇಲೆ ಐದು ನಿಮಿಷ ಬರೀ ಆಕ್ಸಿಜನ್ ಕೊಡಬೇಕು. ರಕ್ತದಿಂದ ಒಮ್ಮೆಲೇ ಹೊರಬೀಳುವ ನೈಟ್ರಸ್ ಶ್ವಾಸಕೋಶದಲ್ಲಿರುವ ಆಕ್ಸಿಜನ್ನನ್ನು ತೆಳುವಾಗಿಸುತ್ತದೆ ಎಂಬುದು ಕಾರಣ. ಈ ಐದು ನಿಮಿಷವನ್ನು ಎರಡಕ್ಕೆ ಇಳಿಸುವ ಅವಸರದವರನ್ನು ನಾನು ಕಂಡಿದ್ದೇನೆ, ಗದರಿದ್ದೇನೆ.

ಧಾರವಾಡದ ಒಂದು ಕ್ಲಿನಿಕ್ಕಿನವರು ಹೊಸದಾಗಿ ಈ ಯಂತ್ರ ತರಿಸಿದಾಗ ಮೊದಮೊದಲು ನೀವೂ ಬಂದು ನಿಲ್ಲಿ ಎಂದು ಕರೆದಿದ್ದರು. ಮೂರನೆಯ ತರಗತಿಯ ಹುಡುಗಿ, ಎರಡು ಜಡೆ, ಬಲಗಡೆಯ ದವಡೆ ಹಲ್ಲಿನಲ್ಲಿ ದೊಡ್ಡ ತೂತು. ಮೂಗಿನ ಮಾಸ್ಕಿಗೆ ಸ್ಟ್ರಾಬೆರಿ ವಾಸನೆ ಇರುತ್ತದೆ. ಮೂಸಿ ನೋಡಿ “ಇದು ಹಣ್ಣಿನದಲ್ಲ, ಪೆಪ್ಪರಮೆಂಟಿನದು” ಎಂದು ತೀರ್ಪು ಕೊಟ್ಟಳು. ಮೊದಲು ಆಕ್ಸಿಜನ್, ಆಮೇಲೆ ಹತ್ತು ಹತ್ತರಂತೆ ನೈಟ್ರಸ್ ಏರಿಸಿದೆವು. ನಲವತ್ತಕ್ಕೆ ಬಂದಾಗ ಅವಳ ಬಿಗಿ ಹಿಡಿದ ಮುಷ್ಟಿ ಬಿಚ್ಚಿತು, ಚಪ್ಪಲಿ ಕಳಚಿದ ಪಾದ ಒಂದರ ಮೇಲೊಂದು ಒರಗಿತು.

“ಡಾಕ್ಟರ್ ಆಂಟಿ, ಕಾಲ ಬೆರಳಲ್ಲಿ ಇರುವೆ ಓಡಾಡುತ್ತಿವೆ.”

“ಕಚ್ಚುತ್ತಿವೆಯೇನಮ್ಮಾ?”

“ಇಲ್ಲ, ಸಿದ್ಧಾರೂಢರ ತೇರಿಗೆ ಹೊರಟಿವೆ.”

ಇರುವೆಗಳು ಇನ್ನೂ ಮಠ ಮುಟ್ಟುವ ಮೊದಲೇ ದಂತವೈದ್ಯೆ ವಸಡಿಗೆ ಇಂಜೆಕ್ಷನ್ ಕೊಟ್ಟು ಮುಗಿಸಿದ್ದರು. ಕೊರೆಯುವ ಯಂತ್ರದ ಸದ್ದಿಗೆ ಅವಳು ಹುಬ್ಬು ಗಂಟಿಕ್ಕಿದಳು, ಅಷ್ಟೇ. ಆಕ್ಸಿಜನ್ ಮುಗಿಸಿ ಎದ್ದವಳು ತಾನೇ ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಿ ಅಪ್ಪನಿಗೆ ಹಸಿವು ಎಂದಳು.

ಎಲ್ಲರಿಗೂ ಹೀಗೆ ಆಗುವುದಾಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಈ ಗ್ಯಾಸ್ ಮೂಗಿನಿಂದಲೇ ಒಳಗೆ ಹೋಗಬೇಕು. ನೆಗಡಿಯಾದ ಮಗುವಿಗೆ, ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ದಪ್ಪವಾಗಿ ಬಾಯಿ ತೆರೆದೇ ಉಸಿರಾಡುವ ಮಗುವಿಗೆ ಅದು ತಲುಪುವುದೇ ಇಲ್ಲ. ಅಳುವ ಮಗುವೂ ಬಾಯಿಂದಲೇ ಉಸಿರೆಳೆಯುತ್ತದೆ. ಎರಡು ವರ್ಷದ ಪೋರ ಮಾಸ್ಕನ್ನು ಕಿತ್ತು ಎಸೆಯುತ್ತಾನೆ, ಅವನಿಗೆ ಸ್ಟ್ರಾಬೆರಿಯ ಆಸೆ ತೋರಿಸಿ ಪ್ರಯೋಜನವಿಲ್ಲ. ಮಧ್ಯಕಿವಿಯ ಸೋಂಕು ಇದ್ದರೆ ಬೇಡ. ಮುಚ್ಚಿದ ಜಾಗಕ್ಕೆ ಈ ಅನಿಲ ನುಗ್ಗಿ ಒತ್ತಡ ಏರಿಸುತ್ತದೆ. ಬಿ12 ಜೀವಸತ್ವವನ್ನು ಇದು ನಿಷ್ಕ್ರಿಯಗೊಳಿಸುತ್ತದೆ, ಆದ್ದರಿಂದ ಶುದ್ಧ ಸಸ್ಯಾಹಾರಿ ಮನೆತನಗಳ ನಮ್ಮ ಕಡೆ ರಕ್ತಹೀನತೆ, ಕೈಕಾಲು ಜೋಮಿನ ಬಗ್ಗೆ ಒಂದು ಮಾತು ಹೆಚ್ಚೇ ವಿಚಾರಿಸುತ್ತೇನೆ. ಗಂಡ ಹೆಂಡತಿ ಸೋದರ ಸಂಬಂಧವೇ ಎಂದೂ ಕೇಳುತ್ತೇನೆ, ಏಕೆಂದರೆ ಈ ಬಿ12ರ ಹಾದಿಯಲ್ಲೇ ಕೆಲಸ ಮಾಡುವ ಕಿಣ್ವವೊಂದರ ಅಪರೂಪದ ಹುಟ್ಟುಕೊರತೆ ಅಂಥ ಮನೆಗಳಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಆರೋಗ್ಯವಂತ ಮಗುವಿಗೆ ಅರ್ಧ ಗಂಟೆಯ ನೈಟ್ರಸ್ ಚಿಂತೆಯ ವಿಷಯವಲ್ಲ. ನಿಜವಾದ ಚಿಂತೆ ಪಕ್ಕದಲ್ಲಿ ನಿಂತು ದಿನವಿಡೀ ಸೋರಿಕೆಯನ್ನು ಉಸಿರಾಡುವ ಸಹಾಯಕಿಯದು. ಎ.ಸಿ. ಹಾಕಿ ಕಿಟಕಿ ಬಿಗಿದ ಕೋಣೆಯಲ್ಲಿ ಬಿಟ್ಟ ಗ್ಯಾಸನ್ನು ಹೊರಗೆ ಎಳೆಯುವ ಕೊಳವೆ ಇಲ್ಲದಿದ್ದರೆ ಯಂತ್ರ ಕೊಳ್ಳಲೇಬೇಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಆ ಸಹಾಯಕಿ ಬಸುರಿಯಾಗಿದ್ದರೆ ಅವಳನ್ನು ಆ ಕೋಣೆಯಿಂದಲೇ ಹೊರಗಿಡಿ ಎಂದೂ.

ಕೆಂಪು ಡಯಲಿನ ಕಾಲ

ನೈಟ್ರಸ್ ಸಾಲದ ಮಗುವನ್ನು ಪೂರ್ತಿ ಮಲಗಿಸಬೇಕು. ನಾನು ಎಂ.ಡಿ. ಓದುವಾಗ ಅದಕ್ಕೆ ಇದ್ದದ್ದು ಹ್ಯಾಲೋಥೇನ್. ಇಂಗ್ಲೆಂಡಿನಲ್ಲಿ 1951ರಲ್ಲಿ ತಯಾರಾಗಿ 1956ರಲ್ಲಿ ಆಸ್ಪತ್ರೆಗೆ ಬಂದ ಔಷಧ. ಅರಿವಳಿಕೆ ಕೊಡುವ ಬಾಯ್ಲ್ಸ್ ಮಷೀನಿನ ಮೇಲೆ, ದ್ರವ ಔಷಧವನ್ನು ಆವಿಯಾಗಿಸುವ ಅದರ ವೇಪರೈಸರಿಗೆ ಕೆಂಪು ಬಣ್ಣ. ಕೆಡದಿರಲೆಂದು ಅದರಲ್ಲಿ ಒಂದಿಷ್ಟು ಥೈಮಾಲ್ ಬೆರೆಸಿರುತ್ತಿದ್ದರು, ನಮ್ಮ ಓಮದ ಕಾಳಿನಲ್ಲಿ ಇರುವುದೂ ಅದೇ. ಹ್ಯಾಲೋಥೇನ್ ಆರಿ ಹೋದರೂ ಥೈಮಾಲ್ ಆರುವುದಿಲ್ಲ. ಒಳಗೆಲ್ಲ ಹಳದಿ ಅಂಟಾಗಿ ಕೂತು ಡಯಲ್ ಬಿಗಿಯಾಗುತ್ತಿತ್ತು. ಅದನ್ನು ಬರಿದು ಮಾಡಿ ತೊಳೆಯುವ ಸರದಿ ಕಿರಿಯ ವಿದ್ಯಾರ್ಥಿಗಳದು, ಮನೆಗೆ ಹೋದರೂ ಕೈ ಓಮ ನಾರುತ್ತಿತ್ತು.

ಹ್ಯಾಲೋಥೇನ್ ಮೆಲ್ಲಗಿನ ಔಷಧ. ರಕ್ತದಲ್ಲಿ ಬಹಳ ಕರಗುತ್ತದೆ. ಎರೆ ಹೊಲಕ್ಕೆ ಬಿದ್ದ ಮಳೆಯನ್ನು ನೆನೆಸಿಕೊಳ್ಳಿ: ನೆಲ ಕುಡಿದು ಕುಡಿದು ತಣಿಯುವವರೆಗೆ ನೀರು ಮೇಲೆ ನಿಲ್ಲುವುದಿಲ್ಲ, ಹಸಿ ಆರಲೂ ಅಷ್ಟೇ ದಿನ ಬೇಕು. ಹಾಗೆ ಮಗು ನಿಧಾನವಾಗಿ ಮಲಗುತ್ತಿತ್ತು, ನಿಧಾನವಾಗಿ ಏಳುತ್ತಿತ್ತು. ಆಪರೇಷನ್ ಮುಗಿದು ಗಂಟೆ ಕಳೆದರೂ ವಾರ್ಡಿನಲ್ಲಿ ಗೊರಕೆ. ಸಿಸ್ಟರುಗಳಿಗೆ ಅದು ಅಚ್ಚುಮೆಚ್ಚು, ಅಳುವಿಲ್ಲ, ರಂಪವಿಲ್ಲ. ಈಗಲೂ ಹಳಬರು “ಹ್ಯಾಲೋಥೇನಿನ ಮಕ್ಕಳು ಎಷ್ಟು ಚೆನ್ನಾಗಿ ಏಳುತ್ತಿದ್ದರು” ಎಂದು ಕೊರಗುವುದುಂಟು.

ಆದರೆ ಹಲ್ಲಿನ ಕೆಲಸಕ್ಕೆ ಅದು ಹೇಳಿ ಮಾಡಿಸಿದ ಔಷಧವಲ್ಲ. ವಸಡಿಗೆ ಕೊಡುವ ಲಿಗ್ನೊಕೇನಿನಲ್ಲಿ ರಕ್ತ ಕಡಿಮೆ ಸೋರಲಿ, ಮರಗಟ್ಟು ಹೆಚ್ಚು ಹೊತ್ತು ನಿಲ್ಲಲಿ ಎಂದು ಅಡ್ರಿನಲಿನ್ ಬೆರೆಸಿರುತ್ತಾರೆ. ಎಂಬತ್ತು ಸಾವಿರಕ್ಕೆ ಒಂದು ಪಾಲು, ಅಷ್ಟೇ. ಹ್ಯಾಲೋಥೇನಿನಲ್ಲಿ ಮುಳುಗಿದ ಹೃದಯಕ್ಕೆ ಆ ಅಷ್ಟೇ ಸಾಕು, ತಾಳ ತಪ್ಪುತ್ತದೆ. ಮಾನಿಟರಿನ ಸದ್ದು ಒಂದೇ ಲಯದಲ್ಲಿ ಹೋಗುತ್ತಿದ್ದುದು ನಡುವೆ ಮುಗ್ಗರಿಸಿ, ಒಂದು ಅಗಲವಾದ ಅಲೆ ಎದ್ದು, ಒಂದು ಕ್ಷಣ ಸುಮ್ಮನಾಗಿ ಮತ್ತೆ ಹಿಡಿಯುತ್ತದೆ. ನಮ್ಮ ಹಿರಿಯ ಪ್ರಾಧ್ಯಾಪಕರೊಬ್ಬರು ಬೆನ್ನು ತಿರುಗಿಸಿ ನಿಂತಿದ್ದರೂ ಅದನ್ನು ಕೇಳಿಯೇ “ಸೂಜಿ ತೆಗೆಯಿರಿ” ಎನ್ನುತ್ತಿದ್ದರು. ಉಸಿರು ಕಡಿಮೆಯಾಗಿ ರಕ್ತದಲ್ಲಿ ಇಂಗಾಲಾಮ್ಲ ಏರಿದ್ದರೆ ಇನ್ನೂ ಕೆಟ್ಟದ್ದು. ಜೊತೆಗೆ ಯಕೃತ್ತಿನ ಕಾಟ. ಮಕ್ಕಳಲ್ಲಿ ಅತಿ ಅಪರೂಪ, ದೊಡ್ಡವರಲ್ಲಿ ಮತ್ತೆ ಮತ್ತೆ ಕೊಟ್ಟಾಗ ಪ್ರಾಣಕ್ಕೇ ಎರವಾದದ್ದಿದೆ. ಅದು ಹೋದದ್ದಕ್ಕೆ ನನಗೇನೂ ಬೇಸರವಿಲ್ಲ.

ಹಳದಿ ಡಯಲ್

ಸೆವೊಫ್ಲುರೇನ್ ಜಪಾನಿನಲ್ಲಿ 1990ರಿಂದ ಬಳಕೆಗೆ ಬಂತು, ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆಯಾಯಿತು, ನಮ್ಮ ಕಡೆಗೆ ಬರಲು ಇನ್ನಷ್ಟು ಕಾಲ ಹಿಡಿಯಿತು. ಬಾಟಲಿಗೆ ಸಾವಿರಾರು ರೂಪಾಯಿ. ರಕ್ತದಲ್ಲಿ ಕರಗುವುದು ಹ್ಯಾಲೋಥೇನಿನ ಕಾಲುಭಾಗಕ್ಕೆ ತುಸು ಹೆಚ್ಚು, ಹಾಗಾಗಿ ಬೇಗ ಮಲಗಿಸುತ್ತದೆ, ಬೇಗ ಬಿಟ್ಟುಕೊಡುತ್ತದೆ. ಅಡ್ರಿನಲಿನ್ ಜೊತೆ ಜಗಳವಾಡುವುದಿಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ, ಮೂಗಿಗೆ ಘಾಟು ಹೊಡೆಯುವುದಿಲ್ಲ. ಪಕ್ಕದಲ್ಲೇ ನೇರಳೆ ಡಯಲಿನ ಐಸೊಫ್ಲುರೇನ್ ಇರುತ್ತದೆ, ಅಗ್ಗ. ದೊಡ್ಡ ಆಸ್ಪತ್ರೆಗಳಲ್ಲಿ ನೀಲಿ ಡಯಲಿನ ಡೆಸ್‌ಫ್ಲುರೇನ್ ಇರುತ್ತದೆ, ಇನ್ನೂ ಚುರುಕು. ಎರಡನ್ನೂ ಎಚ್ಚರವಿರುವ ಮಗುವಿನ ಮೂಗಿಗೆ ಹಿಡಿದರೆ ಕೆಮ್ಮು, ಉಸಿರು ಬಿಗಿ, ಗಂಟಲಿನ ಬಾಗಿಲು ಮುಚ್ಚಿಕೊಳ್ಳುವ ಸೆಳೆತ. ಡೆಸ್‌ಫ್ಲುರೇನ್ 23 ಡಿಗ್ರಿಗೇ ಕುದಿಯುತ್ತದೆ. ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಅದನ್ನು ಪಳಗಿಸಲು ಕರೆಂಟಿನಿಂದ ಬಿಸಿ ಮಾಡುವ ಬೇರೆಯೇ ವೇಪರೈಸರ್ ಬೇಕು. ಅದರ ಮೇಲೆ ವಾತಾವರಣಕ್ಕೆ ಅದು ಇಂಗಾಲಾಮ್ಲಕ್ಕಿಂತ ಎರಡು ಸಾವಿರಕ್ಕೂ ಹೆಚ್ಚು ಪಟ್ಟು ಬಿಸಿ ಕೂಡಿಸುತ್ತದೆ. ಯುರೋಪಿನವರು 2026ರ ಜನವರಿಯಿಂದ ಅನಿವಾರ್ಯವಿದ್ದಲ್ಲಿ ಮಾತ್ರ ಬಳಸಿ ಎಂದು ಕಟ್ಟಿಹಾಕಿದ್ದಾರೆ. ಮಕ್ಕಳ ಹಲ್ಲಿಗೆ ಅದರ ಗೊಡವೆಯೇ ಬೇಡ ಎಂಬುದು ನನ್ನ ಮತ. ನೈಟ್ರಸ್ ಕೂಡ ಈ ವಿಷಯದಲ್ಲಿ ಸಾಚಾ ಅಲ್ಲ, ಗಾಳಿಯಲ್ಲಿ ನೂರು ವರ್ಷಕ್ಕೂ ಮೇಲೆ ಉಳಿಯುತ್ತದೆ. ಮಗು ಮಲಗಿದ ಮೇಲೆ ಅದನ್ನು ನಿಲ್ಲಿಸಿ, ಸೆವೊಫ್ಲುರೇನಿನ ಹರಿವನ್ನೂ ತಗ್ಗಿಸುತ್ತೇನೆ. ಪರಿಸರಕ್ಕೂ ಆಯಿತು, ರೋಗಿಯ ಬಿಲ್ಲಿಗೂ ಆಯಿತು.

ಮಲಗಿಸುವಾಗ ತಾಯಿಯನ್ನು ಒಳಗೆ ಬಿಡುತ್ತೇನೆ. ಮಾಸ್ಕಿನೊಳಗೆ ಒಂದು ಹನಿ ವೆನಿಲ್ಲಾ ಎಸೆನ್ಸ್ ಸವರಿ, ತುದಿಯ ರಬ್ಬರ್ ಚೀಲವನ್ನು ತೋರಿಸಿ, ಈ ಬಲೂನ್ ಊದುತ್ತೀಯಾ ನೋಡೋಣ ಎನ್ನುವುದು. ನೈಟ್ರಸ್ ಮೊದಲು, ವಾಸನೆ ಮಂಕಾದ ಮೇಲೆ ಸೆವೊಫ್ಲುರೇನಿನ ಹಳದಿ ಡಯಲನ್ನು ಶೇಕಡ ಎಂಟರವರೆಗೆ ತಿರುಗಿಸುವುದು. ಕಣ್ಣು ಮೇಲೆ ಹೋಗುತ್ತದೆ, ಕೈಕಾಲು ಒಮ್ಮೆ ಎಳೆಯುತ್ತವೆ, ಗೊರಕೆ ಬರುತ್ತದೆ, ಇದೆಲ್ಲ ಸಹಜ ಎಂದು ತಾಯಿಗೆ ಮೊದಲೇ ಹೇಳಿರುತ್ತೇನೆ. ಸೂಜಿ ಚುಚ್ಚುವುದು ಮಲಗಿದ ಮೇಲೆ. ಬಾಯಿ ದಂತವೈದ್ಯರದಾದ್ದರಿಂದ ಉಸಿರಿನ ನಳಿಕೆಯನ್ನು ಮೂಗಿನಿಂದ ಇಳಿಸಬೇಕು, ರಕ್ತ ನೀರು ಕೆಳಗೆ ಹೋಗದಂತೆ ಗಂಟಲಿಗೆ ಒದ್ದೆ ಬಟ್ಟೆ ತುರುಕಬೇಕು, ತುರುಕಿದ್ದನ್ನು ಗೋಡೆಯ ಬೋರ್ಡಿನಲ್ಲಿ ಬರೆಯಬೇಕು. ಅದನ್ನು ತೆಗೆದ ಮೇಲೆಯೇ ಅಳಿಸುವುದು.

ಈ ಔಷಧದ ಬೆಲೆಯನ್ನು ತೆರುವುದು ಎಚ್ಚರವಾಗುವಾಗ. ಶಿಗ್ಗಾವಿಯ ಆಚೆಯ ಹಳ್ಳಿಯಿಂದ ಬಂದ ನಾಲ್ಕು ವರ್ಷದ ಹುಡುಗ. ಕೆಲವು ಹಲ್ಲು ಕಿತ್ತು, ಕೆಲವಕ್ಕೆ ಸ್ಟೀಲಿನ ಟೋಪಿ ತೊಡಿಸಿ, ಎಲ್ಲವೂ ಸುಸೂತ್ರವಾಗಿ ಮುಗಿದಿತ್ತು. ನಳಿಕೆ ತೆಗೆದು ರಿಕವರಿಗೆ ತಂದು ಹತ್ತು ನಿಮಿಷವಾಗಿರಬಹುದು, ಹುಡುಗ ದಿಗ್ಗನೆ ಎದ್ದು ಕೂತ. ಕಣ್ಣು ತೆರೆದಿವೆ, ಆದರೆ ಯಾರನ್ನೂ ನೋಡುತ್ತಿಲ್ಲ. ಬೆನ್ನು ಬಿಲ್ಲಾಗಿ ಬಾಗಿತು. ಒದ್ದ ಕಾಲಿಗೆ ಮಂಚದ ಕಂಬಿ ಗಣಗಣ ಎಂದಿತು. ಕೈಯ ಸೂಜಿಯನ್ನು ಹಲ್ಲಿನಿಂದ ಕಚ್ಚಲು ಹೋದ, ತಾಯಿ ಹಿಡಿಯಲು ಬಂದರೆ ಅವಳನ್ನೇ ತಳ್ಳಿದ. ಯಾವ ಮಾತಿಗೂ ಅವನಲ್ಲಿ ದಾರಿಯಿರಲಿಲ್ಲ. ಹೀಗಾಗಬಹುದೆಂದು ಹಿಂದಿನ ದಿನವೇ ಆ ತಾಯಿಗೆ ಹೇಳಿದ್ದೆ, ಅವಳು ಅಳುತ್ತಲೇ ತಲೆಯಾಡಿಸಿ ಪಕ್ಕಕ್ಕೆ ನಿಂತಳು. ಆದರೆ ಅಜ್ಜಿಗೆ ಯಾರೂ ಹೇಳಿರಲಿಲ್ಲ. ಕಾವಲಿನವನನ್ನು ದಾಟಿ ಬರಿಗಾಲಲ್ಲಿ ಒಳಗೆ ಬಂದೇಬಿಟ್ಟರು. ಒಂದು ಗಳಿಗೆ ನೋಡಿದರು. “ಇವನು ನಮ್ಮ ಹುಡುಗನಲ್ಲ” ಎಂದರು. ಕೂಗಲಿಲ್ಲ, ಗಾಬರಿಯಾಗಲಿಲ್ಲ, ಕೈಚೀಲದ ಗಂಟು ಬಿಚ್ಚಿ ಉಪ್ಪು, ಮೆಣಸಿನಕಾಯಿ ತೆಗೆದರು. ಬ್ಯಾಡಗಿ ಸೀಮೆಯವರು, ಮೆಣಸಿನಕಾಯಿಗೆ ಬರವೇ?

“ತಂಗಿ, ಒಂದು ಕೆಂಡ ತರಿಸವ್ವ.”

“ಇಲ್ಲಿ ಆಕ್ಸಿಜನ್ ಇದೆ ಅಜ್ಜಿ, ಬೆಂಕಿ ಹಚ್ಚಿದರೆ ನಾವೆಲ್ಲರೂ ಹೋಗುತ್ತೇವೆ. ದೃಷ್ಟಿ ಇಲ್ಲಿ ತೆಗೆಯಿರಿ, ಸುಡುವುದನ್ನು ಹೊರಗೆ ಸುಡಿ.”

ಅವರು ಮುಷ್ಟಿಯನ್ನು ಮೊಮ್ಮಗನ ತಲೆಯಿಂದ ಕಾಲಿನವರೆಗೆ ಇಳಿಸುತ್ತಿದ್ದಾಗ ನಾನು ಇನ್ನೊಂದು ಬದಿಯಿಂದ ಸೂಜಿಗೆ ಒಂದಿಷ್ಟು ಪ್ರೊಪೊಫಾಲ್ ಎಂಬ ನಿದ್ದೆಯ ಔಷಧ ಕೊಟ್ಟೆ. ಮೂರನೆಯ ಸುತ್ತಿಗೆ ಹುಡುಗನ ಮೈ ಸಡಿಲವಾಯಿತು. ಕಾಲು ಗಂಟೆ ಮಲಗಿ ಎದ್ದು, ತೊಳೆದಿಟ್ಟ ಮುಖದಲ್ಲಿ ನೀರು ಕೇಳಿದ. ಅಜ್ಜಿ ನನ್ನ ಕಡೆ ತಿರುಗಿ “ಕಂಡೆಯಾ?” ಎಂದರು. ಕಂಡೆ ಎಂದೆ. ಸಿಸ್ಟರ್ ಕಪಾಟಿನ ಕಡೆ ಮುಖ ತಿರುಗಿಸಿಕೊಂಡು ನಕ್ಕಳು.

ಎಚ್ಚರವಾಗುವಾಗಿನ ಈ ರಂಪ ಎರಡರಿಂದ ಐದು ವರ್ಷದವರಲ್ಲಿ ಹೆಚ್ಚು. ನೋವಿಗೆ ಹೀಗೆ ಆಡುತ್ತಾರೆ ಎಂದು ನಂಬುವವರಿದ್ದಾರೆ. ನೋವೇ ಇಲ್ಲದ ಎಂ.ಆರ್.ಐ. ಸ್ಕ್ಯಾನಿಗೆ ಸೆವೊಫ್ಲುರೇನ್ ಕೊಟ್ಟ ಮಕ್ಕಳೂ ಹೀಗೆಯೇ ಏಳುವುದನ್ನು ಕಂಡ ಮೇಲೆ ಆ ವಾದ ಪೂರ್ತಿ ನಿಲ್ಲುವುದಿಲ್ಲ. ಕೊನೆಯಲ್ಲಿ ಸ್ವಲ್ಪ ಪ್ರೊಪೊಫಾಲ್ ಅಥವಾ ಡೆಕ್ಸ್‌ಮೆಡಿಟೊಮಿಡಿನ್ ಕೊಡುವುದು, ನೋವಿನ ಔಷಧ ಮೊದಲೇ ಕೊಡುವುದು, ದೀಪ ತಗ್ಗಿಸಿ ಸದ್ದು ಕಡಿಮೆ ಮಾಡುವುದು, ಇವುಗಳಿಂದ ಇಳಿಯುತ್ತದೆ, ನಿಂತೇ ಹೋಗುವುದಿಲ್ಲ. ಕಾದರೆ ಹೆಚ್ಚಿನವರಲ್ಲಿ ಅರ್ಧ ಗಂಟೆಯೊಳಗೆ ತಾನಾಗಿ ಅಡಗುತ್ತದೆ.

ಟೋಪಿಗಳನ್ನು ತೋರಿಸಲು ಆ ಹುಡುಗ ಮತ್ತೆ ಬಂದಿದ್ದ. ಅವತ್ತು ಏನಾಯಿತು ಹೇಳಪ್ಪ ಎಂದು ಕೇಳಿದೆ. “ಬಲೂನ್ ಊದಿದೆ. ಅದು ಒಡೆಯಲಿಲ್ಲ.” ಆಮೇಲೆ? “ಆಮೇಲೆ ನೀರು ಕುಡಿದೆ.” ನಡುವಿನದು ಅವನಲ್ಲಿ ಇಲ್ಲ. ಪಕ್ಕದಲ್ಲಿ ಕೂತಿದ್ದ ತಾಯಿಯ ಮುಖದಲ್ಲಿ ಮಾತ್ರ ಆ ಕಾಲು ಗಂಟೆ ಇನ್ನೂ ಇತ್ತು. ಹ್ಯಾಲೋಥೇನಿಗಾಗಿ ಕೊರಗುವ ಹಳಬರಿಗೆ ನಾನು ಕೊಡುವ ಉತ್ತರ ಇದೇ. ಶಾಂತವಾಗಿ ಏಳುವುದು ನೋಡುವವರಿಗೆ ಸುಖ. ಅಂಜದೆ ಮಲಗುವುದು ಮಗುವಿನ ಸುಖ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ಮಗುವಿನ ಕಡೆಗೆ ನಿಲ್ಲುತ್ತೇನೆ. ದೊಡ್ಡವರಿಗೆ ಮೊದಲೇ ಹೇಳಿ ತಯಾರು ಮಾಡಬಹುದು. ಈಗ ಅಜ್ಜಿಯರನ್ನೂ ಕೂರಿಸಿಕೊಂಡು ಹೇಳುತ್ತೇನೆ.

ಸಹಿ ಹಾಕುವ ಮುನ್ನ

ಮೊಬೈಲಿನಲ್ಲಿ ಓದಿ ಬಂದವರು ಮೆದುಳಿನ ಬಗ್ಗೆ ಕೇಳಿಯೇ ಕೇಳುತ್ತಾರೆ. 2016ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕೊಟ್ಟ ಎಚ್ಚರಿಕೆ ಮೂರು ವರ್ಷದೊಳಗಿನವರಿಗೆ ಮೂರು ಗಂಟೆ ಮೀರಿ, ಅಥವಾ ಮತ್ತೆ ಮತ್ತೆ ಕೊಡುವುದರ ಕುರಿತದ್ದು. ಕೂಸುಗಳಿಗೆ ಒಂದು ಗಂಟೆಯೊಳಗೆ ಸೆವೊಫ್ಲುರೇನ್ ಕೊಟ್ಟು, ಐದನೆಯ ವರ್ಷದಲ್ಲಿ ಅವರ ಬುದ್ಧಿಮಟ್ಟವನ್ನು ಅಳೆದ ದೊಡ್ಡ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು; ಬೆನ್ನಿನ ಅರಿವಳಿಕೆ ಪಡೆದ ಮಕ್ಕಳಿಗೂ ಇವರಿಗೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಎರಡೆರಡು ಹಲ್ಲಿನಂತೆ ಕಂತಿನಲ್ಲಿ ಮಾಡಿ ಎಂಬ ಕೋರಿಕೆಗೆ ನಾನು ಒಪ್ಪುವುದಿಲ್ಲ, ಎಲ್ಲವೂ ಒಂದೇ ಸಲ. ಮನೆಯಲ್ಲಿ ಯಾರಿಗಾದರೂ ಆಪರೇಷನ್ನಿನಲ್ಲಿ ಮೈ ಕಾದು ಸೆಟೆದುಕೊಂಡದ್ದಿದೆಯೇ ಎಂದು ಕೇಳುತ್ತೇನೆ. ಇದ್ದರೆ ಹಳದಿ, ನೇರಳೆ, ನೀಲಿ ಯಾವ ಡಯಲನ್ನೂ ಮುಟ್ಟುವಂತಿಲ್ಲ, ನೈಟ್ರಸ್ ಮತ್ತು ನರಕ್ಕೆ ಕೊಡುವ ಔಷಧವೇ ಗತಿ.

ಮತ್ತೆ ಚಹಾ. ಆರು ಗಂಟೆ ಏನೂ ತಿನ್ನಿಸಬೇಡಿ ಎಂದರೆ ಇಡ್ಲಿ ತಿನ್ನಿಸುವುದಿಲ್ಲ, ಊರಿನಿಂದ ಬೆಳಗಿನ ಮೊದಲ ಬಸ್ಸು ಹತ್ತುವ ಮುನ್ನ ಒಂದು ಲೋಟ ಹಾಲಿನ ಚಹಾ, ಅದರಲ್ಲಿ ಅದ್ದಿದ ಟೋಸ್ಟು. “ಚಹಾ ತಿನ್ನುವುದಲ್ಲವಲ್ಲ ಮೇಡಂ.” ಹಾಲೂ ಹೊಟ್ಟೆಯಲ್ಲಿ ಗಟ್ಟಿಯಾಗುತ್ತದೆ. ನೀರಾದರೆ ಎರಡು ಗಂಟೆ ಮೊದಲಿನವರೆಗೂ ಕುಡಿಸಬಹುದು, ಕುಡಿಸಲೇಬೇಕು. ಬಾಯಾರಿದ ಮಗು ಇನ್ನಷ್ಟು ರಂಪ ಮಾಡುತ್ತದೆ.

ಮೊನ್ನೆ ಪರಿಚಯದ ಯುವ ದಂತವೈದ್ಯರೊಬ್ಬರು ಫೋನ್ ಮಾಡಿದರು. ಅವರದು ಮೊದಲ ಮಹಡಿಯ ಕ್ಲಿನಿಕ್, ಒಂದು ಕುರ್ಚಿ, ಒಬ್ಬ ಸಹಾಯಕಿ. “ಮೇಡಂ, ಐದು ನಿಮಿಷದ ಕೆಲಸ, ಒಂದೇ ಹಲ್ಲು. ನೀವು ಸೆವೊಫ್ಲುರೇನ್ ತಂದು ಇಲ್ಲೇ ಕೊಟ್ಟುಬಿಡಿ. ಆಸ್ಪತ್ರೆಯ ಖರ್ಚು ಅವರಿಗೆ ಭಾರ.” ಖರ್ಚಿನ ಮಾತು ಸುಳ್ಳಲ್ಲ. ಕೂಲಿ ಬಿಟ್ಟು ಬರುವ ಮನೆಗೆ ಆಸ್ಪತ್ರೆಯ ಒಂದು ದಿನ ದೊಡ್ಡದೇ. ಆದರೆ ಐದು ನಿಮಿಷದ ಹಲ್ಲಿಗೂ ಮಗು ಅಷ್ಟೇ ಆಳಕ್ಕೆ ಇಳಿಯುತ್ತದೆ. ಒಂದು ಹನಿ ರಕ್ತ ಜಾರಿ ಗಂಟಲಿನ ತಂತುಗಳು ಬಿಗಿದುಕೊಂಡರೆ ತುಟಿ ನೀಲಿಯಾಗಲು ನಿಮಿಷ ಬೇಕಿಲ್ಲ. ಆಗ ಇನ್ನೆರಡು ಪಳಗಿದ ಕೈ, ಔಷಧ, ಹೀರುವ ಯಂತ್ರ, ಪಕ್ಕದಲ್ಲೇ ಐ.ಸಿ.ಯು. ಬೇಕು. ಬ್ರಿಟನ್ನಿನಲ್ಲಿ ದಂತವೈದ್ಯರ ಕುರ್ಚಿಯ ಮೇಲೆ ಹೀಗೆ ಮಕ್ಕಳು ಸತ್ತು ಸತ್ತು, ಕೊನೆಗೆ 2001ರ ಅಂತ್ಯದಿಂದ ಹಲ್ಲಿನ ಕೆಲಸಕ್ಕೆ ಪೂರ್ಣ ಅರಿವಳಿಕೆಯನ್ನು ಆಸ್ಪತ್ರೆಯ ಹೊರಗೆ ಕೊಡುವುದನ್ನೇ ನಿಲ್ಲಿಸಿದರು. ನೈಟ್ರಸ್ ಆದರೆ ನಿಮ್ಮಲ್ಲಿಗೇ ಬರುತ್ತೇನೆ, ಹಳದಿ ಡಯಲಿಗೆ ಮಗುವನ್ನು ಇಲ್ಲಿಗೆ ಕರೆತನ್ನಿ ಎಂದೆ. ಸ್ವಲ್ಪ ಹೊತ್ತು ಆ ಕಡೆ ಮಾತಿರಲಿಲ್ಲ. ಆಮೇಲೆ ಥಿಯೇಟರ್ ಯಾವತ್ತು ಖಾಲಿ ಇದೆ ಎಂದು ಕೇಳಿದರು.

ಮಂಗಳವಾರಕ್ಕೆ ಆ ಒಂದು ಹಲ್ಲಿನವನನ್ನೂ ಸೇರಿಸಿ ಇಬ್ಬರು ಮಕ್ಕಳ ಹೆಸರು ಕಳುಹಿಸಿದ್ದಾರೆ. ಒಬ್ಬನಿಗೆ ಆಗಲೇ ನೆಗಡಿ ಶುರುವಾಗಿದೆಯಂತೆ. ಅವನನ್ನು ಮೂರು ವಾರ ಮುಂದೆ ಹಾಕಿದ್ದೇನೆ.